ಸತುವಿನ ಬಿಳಿ ಪುಡಿ ಎರಡು ಬಣ್ಣದಲ್ಲಿ ಬೆಳಗುವುದೇಕೆ?

ಕ್ರಿಕೆಟ್ ಆಟಗಾರರು ಮೂಗಿಗೂ ತುಟಿಗೂ ಬಳಿದುಕೊಳ್ಳುವ ಬಿಳಿ ಲೇಪ, ಎಳೆಗೂಸಿನ ಚರ್ಮ ಕೆಂಪಾದಾಗ ಹಚ್ಚುವ ಮುಲಾಮು, ಕ್ಯಾಲಮೈನ್ ಲೋಷನ್, ಆಯುರ್ವೇದದ ಯಶದ ಭಸ್ಮ, ಟೈರ್ ಕಾರ್ಖಾನೆಯಲ್ಲಿ ರಬ್ಬರಿಗೆ ಬೆರೆಸುವ ಪುಡಿ. ಇವೆಲ್ಲದರಲ್ಲೂ ಇರುವುದು ಜಿಂಕ್ ಆಕ್ಸೈಡ್, ಅಂದರೆ ಸತು ಮತ್ತು ಆಮ್ಲಜನಕ ಒಂದಕ್ಕೊಂದರಂತೆ ಸೇರಿದ ವಸ್ತು. ಇಷ್ಟು ಹಳೆಯ, ಇಷ್ಟು ಅಗ್ಗದ ಪುಡಿಯ ಬಗ್ಗೆ ಈಗ ಹೊಸದಾಗಿ ಪ್ರಶ್ನೆಗಳು ಏಳಲು ಎರಡು ಕಾರಣಗಳಿವೆ. ಸನ್‌ಸ್ಕ್ರೀನ್ ಟ್ಯೂಬುಗಳ ಮೇಲೆ ‘ನ್ಯಾನೊ ಜಿಂಕ್’ ಎಂದೋ ‘ನ್ಯಾನೊ ಅಲ್ಲದ ಜಿಂಕ್’ ಎಂದೋ ಅಚ್ಚಾಗಿರುವುದನ್ನು ಜನ ಓದುತ್ತಿದ್ದಾರೆ. ಜೊತೆಗೆ, ಹಿಂದೆ ಪ್ರಯೋಗಾಲಯದಲ್ಲಿ ಮಾತ್ರ ಕಾಣುತ್ತಿದ್ದ ನೇರಳಾತೀತ ದೀಪ ಇಂದು ಪುಟ್ಟ ಟಾರ್ಚಿನ ರೂಪದಲ್ಲಿ ಯಾರ ಕೈಗೂ ಸಿಗುತ್ತದೆ.

ಆ ಟಾರ್ಚ್ ಸರಿಯಾದ ಬಗೆಯದಾಗಿದ್ದರೆ, ಜಿಂಕ್ ಆಕ್ಸೈಡಿನ ಪುಡಿ ಕತ್ತಲೆಯಲ್ಲಿ ಮಂದವಾಗಿ ಹಸಿರು ಅಥವಾ ಹಳದಿ ಮಿಶ್ರಿತ ಹಸಿರು ಬಣ್ಣದಲ್ಲಿ ಬೆಳಗುತ್ತದೆ. ಅದರ ಜೊತೆಗೇ ಕಣ್ಣಿಗೆ ಬೀಳದ ಇನ್ನೊಂದು ಬೆಳಕನ್ನೂ ಹೊರಸೂಸುತ್ತದೆ. ವಿಜ್ಞಾನಿಗಳಿಗೆ ಆಸೆ ಹುಟ್ಟಿಸಿದ್ದು ಆ ಕಾಣದ ಬೆಳಕು. ಆದರೆ ಸಂಬಳ ತಂದದ್ದು ಕಾಣುವ ಬೆಳಕು.

ನೆಲ, ಅಟ್ಟ ಮತ್ತು ನಡುವಿನ ಖಾಲಿ ಜಾಗ

ಜಿಂಕ್ ಆಕ್ಸೈಡ್ ಒಂದು ಅರೆವಾಹಕ, ಅಂದರೆ ತಾಮ್ರದಷ್ಟು ಸರಾಗವಾಗಿ ವಿದ್ಯುತ್ತನ್ನು ಹರಿಯಗೊಡದ, ಗಾಜಿನಷ್ಟು ಪೂರ್ತಿಯಾಗಿ ತಡೆಯದ ವಸ್ತು. ಇಂತಹ ಹರಳಿನೊಳಗೆ ಎಲೆಕ್ಟ್ರಾನುಗಳು ತಮಗೆ ತೋಚಿದಷ್ಟು ಶಕ್ತಿಯನ್ನು ಇಟ್ಟುಕೊಳ್ಳುವಂತಿಲ್ಲ. ಮಲೆನಾಡಿನ ಹಳೆಯ ಮನೆಯ ನೆಲ ಮತ್ತು ಅಟ್ಟವನ್ನು ನೆನೆದರೆ ಇದು ಅರ್ಥವಾಗುತ್ತದೆ. ಎಲೆಕ್ಟ್ರಾನುಗಳು ಸಾಮಾನ್ಯವಾಗಿ ನೆಲದ ಮೇಲೆ ಕಿಕ್ಕಿರಿದಿರುತ್ತವೆ, ಅಟ್ಟ ಖಾಲಿ ಇರುತ್ತದೆ. ನಡುವೆ ಏಣಿ ಇಲ್ಲ. ಮೇಲೆ ಹೋಗಬೇಕೆಂದರೆ ಒಂದೇ ನೆಗೆತಕ್ಕೆ ಹೋಗಬೇಕು, ಅರ್ಧ ದಾರಿಯಲ್ಲಿ ನಿಲ್ಲುವ ಅವಕಾಶವಿಲ್ಲ.

ಈ ಅಟ್ಟದ ಎತ್ತರಕ್ಕೆ ‘ಶಕ್ತಿ ಅಂತರ’ ಎನ್ನುತ್ತಾರೆ. ಅದನ್ನು ಅಳೆಯುವ ಮಾನ ಎಲೆಕ್ಟ್ರಾನ್‌ವೋಲ್ಟ್. ಜಿಂಕ್ ಆಕ್ಸೈಡಿನಲ್ಲಿ ಇದು ಸುಮಾರು 3.37, ಸಿಲಿಕಾನಿನಲ್ಲಿ ಸುಮಾರು 1.1.

ಹೊರಗಿನಿಂದ ಬಂದ ಬೆಳಕಿನ ಒಂದು ಕಣಕ್ಕೆ ಇಷ್ಟು ಶಕ್ತಿಯಿದ್ದರೆ ಅದು ಒಂದು ಎಲೆಕ್ಟ್ರಾನನ್ನು ಅಟ್ಟಕ್ಕೆ ಎತ್ತಿ ತಾನು ಇಲ್ಲವಾಗುತ್ತದೆ. ಎಲೆಕ್ಟ್ರಾನ್ ಬಿಟ್ಟುಹೋದ ಜಾಗ ನೆಲದಲ್ಲಿ ಖಾಲಿ ಉಳಿಯುತ್ತದೆ. ಇದನ್ನು ‘ರಂಧ್ರ’ ಎನ್ನುತ್ತಾರೆ, ಇದು ಧನ ವಿದ್ಯುದಂಶದ ಕಣದಂತೆಯೇ ವರ್ತಿಸುತ್ತದೆ. ಎಲೆಕ್ಟ್ರಾನ್ ಅಟ್ಟದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೆಳಗಿನ ರಂಧ್ರಕ್ಕೆ ಮರಳುವಾಗ ಪಡೆದ ಶಕ್ತಿಯನ್ನು ಹಿಂದಿರುಗಿಸಲೇಬೇಕು. ಅದನ್ನು ಬೆಳಕಾಗಿ ಕೊಟ್ಟರೆ ವಸ್ತು ಬೆಳಗುತ್ತದೆ, ಪರಮಾಣುಗಳನ್ನು ಅಲುಗಾಡಿಸಿ ಕಳೆದರೆ ವಸ್ತು ಬಿಸಿಯಾಗುತ್ತದೆ, ಅಷ್ಟೇ.

ಸಿಲಿಕಾನಿನಲ್ಲಿ ಬಹುಪಾಲು ಈ ಎರಡನೆಯದೇ ನಡೆಯುತ್ತದೆ. ಅಲ್ಲಿ ಎಲೆಕ್ಟ್ರಾನ್ ಶಕ್ತಿಯ ಜೊತೆಗೆ ತನ್ನ ಸಂವೇಗವನ್ನೂ ಬದಲಿಸಿಕೊಂಡು ಇಳಿಯಬೇಕಾಗುತ್ತದೆ, ಬೆಳಕಿನ ಕಣವೊಂದೇ ಆ ಲೆಕ್ಕವನ್ನು ಸರಿದೂಗಿಸಲಾರದು. ಕಂಪ್ಯೂಟರ್ ಚಿಪ್ಪಿಗೆ ರಾಜನಾದ ಸಿಲಿಕಾನ್ ದೀಪದ ಕೆಲಸಕ್ಕೆ ಬಾರದಿರುವುದು ಇದರಿಂದಲೇ. ಜಿಂಕ್ ಆಕ್ಸೈಡಿನಲ್ಲಿ ಆ ತೊಡಕಿಲ್ಲ. ಎಲೆಕ್ಟ್ರಾನ್ ನೇರವಾಗಿ ಇಳಿಯಬಹುದು.

ಇಳಿದಾಗ ಬರುವ ಬೆಳಕಿನ ಬಣ್ಣ ಯಾವುದು? 1240 ಎಂಬ ಸಂಖ್ಯೆಯನ್ನು ಎಲೆಕ್ಟ್ರಾನ್‌ವೋಲ್ಟ್ ಲೆಕ್ಕದ ಶಕ್ತಿಯಿಂದ ಭಾಗಿಸಿದರೆ ತರಂಗಾಂತರ ನ್ಯಾನೊಮೀಟರಿನಲ್ಲಿ ಸಿಗುತ್ತದೆ. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. 3.37ರಿಂದ ಭಾಗಿಸಿದರೆ 368 ಬರುತ್ತದೆ. ಪ್ರಯೋಗದಲ್ಲಿ ಕೋಣೆಯ ಉಷ್ಣತೆಯಲ್ಲಿ ಕಾಣುವುದು ತುಸು ಹೆಚ್ಚು, ಸುಮಾರು 380. ನಮ್ಮ ಕಣ್ಣಿಗೆ ನೇರಳೆ ಬಣ್ಣ ಸ್ಪಷ್ಟವಾಗಿ ತೋರುವುದು 400ರ ಆಸುಪಾಸಿನಿಂದ. ಆದ್ದರಿಂದ ಈ ಬೆಳಕು ನೇರಳಾತೀತ ವಲಯದ ಅಂಚಿನಲ್ಲಿದ್ದು, ನಮಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ.

ಬಿಸಿಗೆ ಬೆದರದ ಜೋಡಿ

ಎಲೆಕ್ಟ್ರಾನ್ ಋಣ, ರಂಧ್ರ ಧನ. ಎರಡೂ ಪರಸ್ಪರ ಸೆಳೆದು, ಇಳಿಯುವ ಮೊದಲೇ ಒಂದು ಜೋಡಿಯಾಗಿ ಹರಳಿನೊಳಗೆ ಅಡ್ಡಾಡಬಲ್ಲವು. ಈ ಜೋಡಿಯ ಹೆಸರು ಎಕ್ಸಿಟಾನ್. ಜೋಡಿಯಾಗಿದ್ದಾಗ ಎರಡೂ ಒಂದರ ಸಮೀಪ ಒಂದು ಇರುವುದರಿಂದ ಸೇರಿ ಬೆಳಕಾಗುವ ಸಂಭವ ಹೆಚ್ಚು.

ಜೋಡಿ ಮುರಿಯದೆ ಉಳಿಯುವುದೇ ಕಷ್ಟ. ಕೋಣೆಯ ಉಷ್ಣತೆಯಲ್ಲಿ ಹರಳಿನ ಪರಮಾಣುಗಳ ಕಂಪನಕ್ಕಿರುವ ಶಕ್ತಿ ಸುಮಾರು 26 ಮಿಲಿ ಎಲೆಕ್ಟ್ರಾನ್‌ವೋಲ್ಟ್. ನೀಲಿ ಎಲ್‌ಇಡಿಗಳಲ್ಲಿ ಬಳಸುವ ಗ್ಯಾಲಿಯಂ ನೈಟ್ರೈಡಿನಲ್ಲಿ ಜೋಡಿಯ ಬಂಧ ಸುಮಾರು 25, ಅಂದರೆ ಕಂಪನದ ಒಂದು ಏಟಿಗೆ ಬಿಡಿಸಿಕೊಳ್ಳುವಷ್ಟು. ಜಿಂಕ್ ಆಕ್ಸೈಡಿನಲ್ಲಿ ಬಂಧದ ಬಲ 60. ದುಬಾರಿ ದ್ರವ ಹೀಲಿಯಮ್ಮಿನಲ್ಲಿ ತಣಿಸದೆ, ಮೇಜಿನ ಮೇಲೆ ಇಟ್ಟಂತೆಯೇ ಎಕ್ಸಿಟಾನ್ ಬೆಳಕು ಪಡೆಯಬಹುದು. ಈ ವಸ್ತುವಿನ ಬಗ್ಗೆ ಬಂದ ಸಾವಿರಾರು ಸಂಶೋಧನಾ ಪ್ರಬಂಧಗಳಲ್ಲಿ ಹೆಚ್ಚಿನವು ಮೊದಲ ಪುಟದಲ್ಲೇ ಈ 60ನ್ನು ಹಾಡಿ ಹೊಗಳಿರುತ್ತವೆ. ಸುಮ್ಮನೆ ಹೊಗಳಿದ್ದಲ್ಲ.

ಹಸಿರು ಎಲ್ಲಿಂದ ಬಂತು?

ಪ್ರಯೋಗಾಲಯದಲ್ಲಿ ಈ ಬೆಳಕನ್ನು ಅಳೆಯುವಾಗ ಸಾಮಾನ್ಯವಾಗಿ ಹೀಲಿಯಂ-ಕ್ಯಾಡ್ಮಿಯಂ ಲೇಸರಿನ 325 ನ್ಯಾನೊಮೀಟರ್ ಕಿರಣವನ್ನು ಮಾದರಿಯ ಮೇಲೆ ಬಿಟ್ಟು, ಹೊರಬಂದ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ನಕ್ಷೆ ಬರೆಯುತ್ತಾರೆ. ನಕ್ಷೆಯ ಎಡಗಡೆ, 380ರ ಹತ್ತಿರ, ಕಿರಿದಾದ ಚೂಪು ಶಿಖರ. ಬಲಗಡೆ, 450ರಿಂದ 700ರವರೆಗೆ ಹರಡಿಕೊಂಡ ಅಗಲವಾದ ಉಬ್ಬು. ಅದರ ನೆತ್ತಿ ಹಲವು ಸಲ 520ರ ಸುತ್ತ, ಅಂದರೆ ಹಸಿರಿನಲ್ಲಿ. ಶಿಖರ ಎತ್ತರವಾಗಿದ್ದು ಉಬ್ಬು ತಗ್ಗಿದ್ದರೆ ಹರಳು ಒಳ್ಳೆಯದು ಎಂದು ಸಂಶೋಧಕರು ಕಣ್ಣಳತೆಯಲ್ಲೇ ಹೇಳುವುದುಂಟು. ಕಣ್ಣಳತೆ ಎಲ್ಲ ಸಲವೂ ನಂಬಲರ್ಹವಲ್ಲ: ಲೇಸರಿನ ಪ್ರಖರತೆಯನ್ನು ಹೆಚ್ಚಿಸಿದರೆ ಅದೇ ಮಾದರಿಯ ಅನುಪಾತ ಬದಲಾಗಿಬಿಡುತ್ತದೆ.

ಹಸಿರು ಬೆಳಕಿನ ಶಕ್ತಿ ಸುಮಾರು 2.4 ಎಲೆಕ್ಟ್ರಾನ್‌ವೋಲ್ಟ್, ಅಟ್ಟದ ಎತ್ತರಕ್ಕಿಂತ ಒಂದರಷ್ಟು ಕಡಿಮೆ. ನಡುವೆ ನಿಲ್ಲುವ ಜಾಗವಿಲ್ಲ ಎಂದೆವು. ಹಾಗಾದರೆ ಎಲೆಕ್ಟ್ರಾನ್ ಅರ್ಧ ಇಳಿದದ್ದು ಹೇಗೆ? ನಿಜವಾದ ಹರಳು ಪರಿಪೂರ್ಣವಲ್ಲ ಎಂಬುದೇ ಉತ್ತರ. ಎಲ್ಲೋ ಒಂದೆಡೆ ಆಮ್ಲಜನಕ ಇರಬೇಕಾದ ಜಾಗ ಖಾಲಿ, ಇನ್ನೊಂದೆಡೆ ಸತುವಿನ ಜಾಗ ಖಾಲಿ, ಮತ್ತೊಂದೆಡೆ ಹೊರಗಿನ ಪರಮಾಣುವೊಂದು ಬಂದು ಕುಳಿತಿರುತ್ತದೆ. ಇಂತಹ ಪ್ರತಿಯೊಂದು ದೋಷವೂ ಅಟ್ಟ ಮತ್ತು ನೆಲದ ನಡುವೆ ಗೋಡೆಗೆ ಬಡಿದ ಗೂಟ. ಎಲೆಕ್ಟ್ರಾನ್ ಅಲ್ಲಿ ಕಾಲಿಟ್ಟು ಎರಡು ಹಂತದಲ್ಲಿ ಇಳಿಯುತ್ತದೆ, ಅದರಲ್ಲಿ ಒಂದು ಹಂತ ಹಸಿರು ಬೆಳಕಾಗುತ್ತದೆ.

ಪಿಯುಸಿ ರಸಾಯನಶಾಸ್ತ್ರದಲ್ಲಿ ಘನಸ್ಥಿತಿಯ ಪಾಠ ಓದಿದವರಿಗೆ ಇದರ ಸುಳಿವು ಆಗಲೇ ಸಿಕ್ಕಿರುತ್ತದೆ. ಬಿಳಿ ಜಿಂಕ್ ಆಕ್ಸೈಡನ್ನು ಕಾಯಿಸಿದರೆ ಹಳದಿಯಾಗುತ್ತದೆ, ತಣಿದಾಗ ಮತ್ತೆ ಬೆಳ್ಳಗಾಗುತ್ತದೆ. ಕಾದಾಗ ಆಮ್ಲಜನಕ ಕಳೆದುಕೊಂಡು ಸತು ಹೆಚ್ಚಾಗುವುದು ಕಾರಣ ಎಂದು ಪಾಠ ಹೇಳುತ್ತಿತ್ತು. ಬಿಸಿಗೆ ಶಕ್ತಿ ಅಂತರವೇ ಕುಗ್ಗಿ, ಹರಳು ನೇರಳೆ-ನೀಲಿ ಬೆಳಕನ್ನು ನುಂಗತೊಡಗುವುದೂ ಅದಕ್ಕೆ ಸೇರುತ್ತದೆ. ಪರೀಕ್ಷೆಯಲ್ಲಿ ಮೊದಲನೆಯದನ್ನಷ್ಟೇ ಕೇಳುತ್ತಿದ್ದರು.

ಹಸಿರಿಗೆ ಹೊಣೆಯಾದ ದೋಷ ಯಾವುದು ಎಂಬಲ್ಲಿ ಮಾತ್ರ ಜಗಳ ದೊಡ್ಡದು. 1969ರಲ್ಲಿ ಆರ್. ಡಿಂಗಲ್ ಎಂಬ ವಿಜ್ಞಾನಿ ತಾಮ್ರದ ಕಡೆ ಬೆರಳು ತೋರಿಸಿದರು: ಹರಳಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಸೇರಿಕೊಂಡ ತಾಮ್ರವೇ ಹಸಿರು ಬೆಳಕಿಗೆ ಮೂಲ ಎಂದರು. 1996ರಲ್ಲಿ ವ್ಯಾನ್‌ಹ್ಯೂಸ್ಡೆನ್ ಮತ್ತು ಸಂಗಡಿಗರು ಪುಡಿ ಮಾದರಿಗಳನ್ನು ಪರೀಕ್ಷಿಸಿ ಆಮ್ಲಜನಕದ ಖಾಲಿ ಸ್ಥಾನವೇ ಕಾರಣ ಎಂದರು; ಮುಂದಿನ ಹತ್ತಾರು ವರ್ಷ ಬಹುತೇಕ ಪ್ರಬಂಧಗಳು ಈ ವಿವರಣೆಯನ್ನು ಕಣ್ಣುಮುಚ್ಚಿ ಉದ್ಧರಿಸಿದವು. 2007ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಿಂದ ಜನೋಟ್ಟಿ ಮತ್ತು ವ್ಯಾನ್ ಡಿ ವಾಲೆ ಪ್ರಕಟಿಸಿದ ಗಣಿತ ಲೆಕ್ಕಾಚಾರ ಸತುವಿನ ಖಾಲಿ ಸ್ಥಾನದತ್ತ ವಾಲಿತು. ಮೂವರೂ ತಮ್ಮ ತಮ್ಮ ಮಾದರಿಯ ಮಟ್ಟಿಗೆ ಸರಿಯಿರಬಹುದು. ಹಸಿರು ಎಂದು ಒಂದೇ ಹೆಸರಿನಲ್ಲಿ ಕರೆಯುವ ಆ ಅಗಲ ಉಬ್ಬಿನೊಳಗೆ ಒಂದಕ್ಕಿಂತ ಹೆಚ್ಚು ದೋಷಗಳ ಬೆಳಕು ಬೆರೆತಿರಬಹುದೆಂಬುದು ಇಂದು ಹಲವರು ಒಪ್ಪುವ ಮಾತು. ಲಿಥಿಯಂ ಸೇರಿದ ಹರಳು ಹಳದಿ ಕಡೆಗೆ ಸರಿಯುತ್ತದೆ. ನೀರಿನ ದ್ರಾವಣದಲ್ಲಿ ಬೆಳೆಸಿದ, ಕಡ್ಡಿಯಾಕಾರದ ಸೂಕ್ಷ್ಮ ಹರಳುಗಳು ಕಿತ್ತಳೆ ತೋರುವುದೂ ಸಾಮಾನ್ಯ.

ದೋಷವೇ ದುಡಿದ ಕಥೆ

ವಿದ್ವಾಂಸರ ಜಗಳ ತೀರಲೆಂದು ಕಾರ್ಖಾನೆಗಳು ಕಾಯಲಿಲ್ಲ. ಹಳೆಯ ವಿಸಿಆರ್, ಸಂಗೀತ ಪೆಟ್ಟಿಗೆ, ಮೈಕ್ರೋವೇವ್ ಒಲೆ, ಕಾರಿನ ಗಡಿಯಾರ ಇವುಗಳ ಮುಖದ ಮೇಲೆ ಹೊಳೆಯುತ್ತಿದ್ದ ನೀಲಿ ಮಿಶ್ರಿತ ಹಸಿರು ಅಂಕಿಗಳು ನೆನಪಿವೆಯೇ? ಬೆಳಕು ಮೃದು, ಅಂಚು ಚೊಕ್ಕ, ಕತ್ತಲ ಕೋಣೆಯ ಆಚೆ ತುದಿಯಿಂದಲೂ ಓದಬಹುದಾದ ಅಂಕಿಗಳು. ಅವು ಬೆಳಗಿದ್ದು ಜಿಂಕ್ ಆಕ್ಸೈಡಿನಿಂದ.

ನಿರ್ವಾತ ಪ್ರತಿದೀಪ್ತಿ ಪರದೆ ಎನ್ನುವ ಈ ಸಾಧನ 1967ರಲ್ಲಿ ಜಪಾನಿನಲ್ಲಿ ರೂಪುಗೊಂಡಿತು. ಗಾಳಿ ತೆಗೆದ ಗಾಜಿನ ಪೆಟ್ಟಿಗೆಯೊಳಗೆ ಕೂದಲಿನಷ್ಟು ತೆಳುವಾದ ತಂತಿಗಳನ್ನು ಕಾಯಿಸಿ ಎಲೆಕ್ಟ್ರಾನುಗಳನ್ನು ಹೊರಡಿಸುತ್ತಾರೆ. ಅವು ಹೋಗಿ ಅಂಕಿಯ ಆಕಾರದಲ್ಲಿ ಬಳಿದ ಜಿಂಕ್ ಆಕ್ಸೈಡಿಗೆ ಬಡಿದಾಗ ಬೆಳಕು ಏಳುತ್ತದೆ. ಹಸಿರು ಹೆಚ್ಚಲೆಂದೇ ಈ ಪುಡಿಯನ್ನು ಆಮ್ಲಜನಕ ಕಡಿಮೆಯಿರುವ ವಾತಾವರಣದಲ್ಲಿ ಕಾಯಿಸಿ ಸಿದ್ಧಪಡಿಸುತ್ತಾರೆ. ಬೇಕೆಂದೇ ದೋಷ ತುಂಬುವ ಕೆಲಸ ಇದು.

ಇಲ್ಲಿ ಇನ್ನೊಂದು ಅನುಕೂಲವೂ ಕೂಡಿಬಂತು. ಹಳೆಯ ಟಿವಿಯ ಪಿಕ್ಚರ್ ಟ್ಯೂಬಿಗೆ ಇಪ್ಪತ್ತು ಸಾವಿರ ವೋಲ್ಟಿನ ಮೇಲೆ ಬೇಕಿತ್ತು, ಈ ಪರದೆಗೆ ಕೆಲವು ಹತ್ತುಗಳ ವೋಲ್ಟ್ ಸಾಕು. ಬೇರೆ ಪುಡಿಗಳಾದರೆ ನಿಧಾನ ಎಲೆಕ್ಟ್ರಾನುಗಳು ಮೇಲ್ಮೈಯಲ್ಲೇ ಜಮೆಯಾಗಿ ಹಿಂದೆ ಬರುವವನ್ನು ತಳ್ಳಿಹಾಕುತ್ತವೆ. ಜಿಂಕ್ ಆಕ್ಸೈಡಿನಲ್ಲಿ ಹಾಗಾಗದು. ಅದರಲ್ಲಿ ಹುಟ್ಟಿನಿಂದಲೇ ಒಂದಿಷ್ಟು ಬಿಡಿ ಎಲೆಕ್ಟ್ರಾನುಗಳಿದ್ದು, ಬಂದ ವಿದ್ಯುದಂಶ ಹರಿದುಹೋಗುತ್ತದೆ. ಇದೇ ಗುಣ ಮುಂದೆ ಎಲ್‌ಇಡಿ ಮಾಡಹೊರಟವರಿಗೆ ಶಾಪವಾಯಿತು. ಅದಕ್ಕೆ ಆಮೇಲೆ ಬರೋಣ.

ಟಾರ್ಚ್ ಹಿಡಿದವರು ತಿಳಿಯಬೇಕಾದದ್ದು

ನೋಟು ಪರೀಕ್ಷಿಸಲೆಂದು ಮಾರುವ ಅಗ್ಗದ ಟಾರ್ಚುಗಳಲ್ಲಿ ಹೆಚ್ಚಿನವು 395 ನ್ಯಾನೊಮೀಟರಿನವು. 1240ರ ಲೆಕ್ಕ ಹಾಕಿದರೆ ಅದರ ಕಣಕ್ಕೆ 3.14 ಎಲೆಕ್ಟ್ರಾನ್‌ವೋಲ್ಟ್ ಮಾತ್ರ, ಅಟ್ಟ ಮುಟ್ಟಲು ಸಾಲದು. ಅದರ ಕೆಳಗೆ ಕ್ರೀಮ್ ಹಿಡಿದು ‘ಬೆಳಗಲಿಲ್ಲ, ಇದರಲ್ಲಿ ಜಿಂಕ್ ಇಲ್ಲ’ ಎಂದು ತೀರ್ಮಾನಿಸುವುದು ತಪ್ಪು. 365 ನ್ಯಾನೊಮೀಟರಿನ ಟಾರ್ಚಿನ ಕಣಕ್ಕೆ 3.4 ಇರುತ್ತದೆ, ಅದು ಮುಟ್ಟುತ್ತದೆ. ಹಾಗಿದ್ದರೂ ಕ್ರೀಮಿನಲ್ಲಿ ಹೊಳೆಯಬಲ್ಲ ಬೇರೆ ಪದಾರ್ಥಗಳಿರಬಹುದು, ಕಾಗದಕ್ಕೂ ಬಟ್ಟೆಗೂ ಬಿಳುಪು ತರಲು ಹಾಕುವ ರಾಸಾಯನಿಕಗಳು ಇದಕ್ಕಿಂತ ಜೋರಾಗಿ ಹೊಳೆಯುತ್ತವೆ. ಎರಡೂ ಬಗೆಯ ಟಾರ್ಚನ್ನು ಕಣ್ಣಿಗೆ ಬಿಟ್ಟುಕೊಳ್ಳಬಾರದು.

ಸನ್‌ಸ್ಕ್ರೀನಿನಲ್ಲಿ ನುಂಗಿದ ನೇರಳಾತೀತ ಶಕ್ತಿಯ ಬಹುಪಾಲು ಬೆಳಕಾಗದೆ ಬಿಸಿಯಾಗಿಯೇ ಮುಗಿಯುತ್ತದೆ. ಸ್ವಲ್ಪ ಭಾಗ ಮೂರನೆಯ ದಾರಿ ಹಿಡಿಯಬಹುದು: ಎಲೆಕ್ಟ್ರಾನ್ ಅಥವಾ ರಂಧ್ರ ಕಣದ ಮೇಲ್ಮೈಗೆ ಬಂದು ನೀರು, ಆಮ್ಲಜನಕಗಳ ಜೊತೆ ವರ್ತಿಸಿ ಚುರುಕಾದ ರಾಸಾಯನಿಕಗಳನ್ನು ಹುಟ್ಟಿಸುತ್ತದೆ. ಇದನ್ನು ತಡೆಯಲೆಂದು ತಯಾರಕರು ಕಣಗಳಿಗೆ ಸಿಲಿಕಾ ಅಥವಾ ಸಿಲಿಕೋನಿನ ತೆಳು ಹೊದಿಕೆ ಹಾಕುವುದುಂಟು. ನ್ಯಾನೊ ಕಣ ಬಳಸುವುದಕ್ಕೆ ಕಾರಣ ಬೇರೆಯೇ. ಕಣ ಕಾಣುವ ಬೆಳಕಿನ ತರಂಗಕ್ಕಿಂತ ತೀರಾ ಚಿಕ್ಕದಾದರೆ ಅದನ್ನು ಅಷ್ಟಾಗಿ ಚದುರಿಸುವುದಿಲ್ಲ, ಮುಖ ಸುಣ್ಣ ಬಳಿದಂತೆ ಕಾಣುವುದಿಲ್ಲ.

ನ್ಯಾನೊ ಆದರೆ ಬಣ್ಣ ಬದಲಾಗುತ್ತದೆಯೇ?

ಕ್ವಾಂಟಮ್ ಚುಕ್ಕಿಗಳಿಗೆ, ಅಂದರೆ ಕೆಲವೇ ನ್ಯಾನೊಮೀಟರ್ ಗಾತ್ರದ ಅರೆವಾಹಕ ಕಣಗಳಿಗೆ, 2023ರ ರಸಾಯನಶಾಸ್ತ್ರ ನೊಬೆಲ್ ಬಂದ ಮೇಲೆ, ಕಣ ಚಿಕ್ಕದಾದರೆ ಬಣ್ಣ ಬದಲಾಗುತ್ತದೆ ಎಂಬುದು ಅನೇಕರಿಗೆ ಗೊತ್ತು. ಜಿಂಕ್ ಆಕ್ಸೈಡಿಗೂ ಇದು ಅನ್ವಯಿಸುತ್ತದೆ, ಆದರೆ ತೀರಾ ಚಿಕ್ಕ ಅಳತೆಯಲ್ಲಿ ಮಾತ್ರ. ಎಕ್ಸಿಟಾನ್ ಜೋಡಿಯ ಹರಹು ಸುಮಾರು 2 ನ್ಯಾನೊಮೀಟರ್ ತ್ರಿಜ್ಯದ್ದು. ಕಣ ಅದಕ್ಕೆ ಹತ್ತಿರದ ಗಾತ್ರಕ್ಕೆ, ಅಂದರೆ 5 ನ್ಯಾನೊಮೀಟರಿನ ಆಸುಪಾಸಿಗೆ ಇಳಿದಾಗ ಮಾತ್ರ ಜೋಡಿಗೆ ಇಕ್ಕಟ್ಟಾಗಿ ಅಟ್ಟ ಮೇಲೇರುತ್ತದೆ. ಸಂಶೋಧಕರು ಬೆಳೆಸುವ ಕಡ್ಡಿಗಳಲ್ಲಿ ಹೆಚ್ಚಿನವುಗಳ ದಪ್ಪ 50, 100, 200 ನ್ಯಾನೊಮೀಟರ್. ಅವು ನ್ಯಾನೊ ಎನ್ನಿಸಿಕೊಂಡರೂ ಅವುಗಳ ಶಕ್ತಿ ಅಂತರ ದೊಡ್ಡ ಹರಳಿನದ್ದೇ.

ನಿಜವಾದ ಸಣ್ಣ ಕಣಗಳನ್ನು ಸತುವಿನ ಅಸಿಟೇಟ್ ಮತ್ತು ಲಿಥಿಯಂ ಹೈಡ್ರಾಕ್ಸೈಡನ್ನು ಎಥನಾಲಿನಲ್ಲಿ ಬೆರೆಸಿ ಪಡೆಯುತ್ತಾರೆ. ತಿಳಿನೀರಿನಂತಹ ಆ ದ್ರಾವಣ ನೇರಳಾತೀತ ದೀಪದ ಮುಂದೆ ನೀಲಿ ಛಾಯೆಯ ಹಸಿರಾಗಿ ಬೆಳಗುತ್ತದೆ. ಹಾಗೆಯೇ ಇಟ್ಟರೆ ಕಣಗಳು ಕೂಡಿಕೊಂಡು ಬೆಳೆಯುತ್ತವೆ, ಬೆಳಕು ಹಳದಿಯತ್ತ ಜಾರುತ್ತದೆ.

ಕಡ್ಡಿಗಳಲ್ಲಿ ಬದಲಾಗುವುದು ಮೇಲ್ಮೈ. ಒಂದು ಮಿಲಿಮೀಟರಿನ ಘನವನ್ನು 10 ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6 ಚದರ ಮಿಲಿಮೀಟರಿನಿಂದ 6 ಲಕ್ಷ ಚದರ ಮಿಲಿಮೀಟರಿಗೆ ಏರುತ್ತದೆ. ಮೇಲ್ಮೈಯಲ್ಲಿರುವ ಪರಮಾಣುವಿಗೆ ಒಂದು ಕಡೆ ನೆರೆಯವರಿಲ್ಲ, ಅಲ್ಲಿ ಗೂಟಗಳು ಹೆಚ್ಚು. ತೆಳು ಕಡ್ಡಿಗಳಲ್ಲಿ ಹಸಿರು ಹೆಚ್ಚಿ ನೇರಳಾತೀತ ತಗ್ಗುವುದು ಅದಕ್ಕೇ. ಹೈಡ್ರೋಜನ್ ಪ್ಲಾಸ್ಮಾದಲ್ಲಿ (ವಿದ್ಯುದಂಶ ಹೊತ್ತ ಕಣಗಳ ಅನಿಲದಲ್ಲಿ) ಸಂಸ್ಕರಿಸಿದರೆ ಅಥವಾ ಮೇಲ್ಮೈಗೆ ಹೊದಿಕೆ ಕೊಟ್ಟರೆ ಹಲವು ಮಾದರಿಗಳಲ್ಲಿ ಹಸಿರು ಕುಗ್ಗಿ ನೇರಳಾತೀತ ಮತ್ತೆ ಏಳುತ್ತದೆ.

ಬೆಳೆಸುವ ವಿಧಾನ ಅಗ್ಗವಾಗಿರುವುದರಿಂದಲೇ ಈ ವಿಷಯ ಸಣ್ಣ ಕಾಲೇಜುಗಳ ಪ್ರಯೋಗಾಲಯಕ್ಕೂ ಇಳಿದಿದೆ. ಸತುವಿನ ನೈಟ್ರೇಟ್ ಮತ್ತು ಹೆಕ್ಸಮೀನ್ ಕರಗಿಸಿದ ನೀರಿನಲ್ಲಿ, ಮೊದಲೇ ಜಿಂಕ್ ಆಕ್ಸೈಡಿನ ಬೀಜಕಣ ಹಚ್ಚಿದ ಗಾಜನ್ನು ಮುಳುಗಿಸಿ 90 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟರೆ ಗಾಜಿನ ಮೇಲೆ ಬೆಳ್ಳನೆಯ ಮಸುಕು ಕೂರುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಮಸುಕು ಒತ್ತೊತ್ತಾಗಿ ನೆಟ್ಟಗೆ ನಿಂತ ಷಟ್ಕೋನ ಕಡ್ಡಿಗಳಾಗಿ ಕಾಣುತ್ತದೆ. ಕರ್ನಾಟಕದಲ್ಲಿ ದಹನ ವಿಧಾನವೂ ಜನಪ್ರಿಯ. ಲೋಹದ ನೈಟ್ರೇಟನ್ನು ಯೂರಿಯಾದಂತಹ ಇಂಧನದೊಂದಿಗೆ ಕುಲುಮೆಗಿಟ್ಟು ಕ್ಷಣಮಾತ್ರದಲ್ಲಿ ಪುಡಿ ಪಡೆಯುವ ಆ ದಾರಿಯನ್ನು 1980ರ ದಶಕದ ಕೊನೆಯಲ್ಲಿ ತೋರಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಸಿ. ಪಾಟೀಲ್ ಮತ್ತು ಅವರ ವಿದ್ಯಾರ್ಥಿಗಳು.

ಕಡ್ಡಿಯೇ ಲೇಸರ್

ಲೇಸರಿಗೆ ಎರಡು ಕನ್ನಡಿಗಳ ನಡುವೆ ಬೆಳಕು ಹಿಂದೆ ಮುಂದೆ ಓಡಾಡಿ ಬಲಗೊಳ್ಳಬೇಕು. ಜಿಂಕ್ ಆಕ್ಸೈಡಿನ ಕಡ್ಡಿಗೆ ಕನ್ನಡಿ ಬೇರೆ ಬೇಕಿಲ್ಲ. ಹರಳು ಬೆಳೆಯುವಾಗಲೇ ಎರಡು ತುದಿಗಳೂ ಸಮತಟ್ಟಾಗಿ ಮೂಡುತ್ತವೆ. ಒಳಗಿನ ಬೆಳಕಿನ ಒಂದು ಪಾಲು ಅಲ್ಲಿ ತಾಗಿ ಹಿಂದಿರುಗುತ್ತದೆ. 2001ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಪೈಡಾಂಗ್ ಯಾಂಗ್ ತಂಡ ನೀಲಮಣಿಯ ಫಲಕದ ಮೇಲೆ 20ರಿಂದ 150 ನ್ಯಾನೊಮೀಟರ್ ದಪ್ಪದ, ಗರಿಷ್ಠ 10 ಮೈಕ್ರೋಮೀಟರ್ ಉದ್ದದ ತಂತಿಗಳನ್ನು ಬೆಳೆಸಿ, ಕೋಣೆಯ ಉಷ್ಣತೆಯಲ್ಲೇ 385 ನ್ಯಾನೊಮೀಟರಿನ ಲೇಸರ್ ಬೆಳಕು ಪಡೆಯಿತು. ಅದಕ್ಕೆ ಎರಡು ವರ್ಷ ಮೊದಲು ಹುಯಿ ಕಾವೊ ಮತ್ತು ಸಂಗಡಿಗರು ತಂತಿಯೂ ಇಲ್ಲದ ಬರೀ ಪುಡಿಯಲ್ಲೇ ಲೇಸರ್ ಕ್ರಿಯೆ ತೋರಿಸಿದ್ದರು. ಕಣದಿಂದ ಕಣಕ್ಕೆ ಚದುರಿ ಬಳಸಿ ಬಂದ ಬೆಳಕು ತಾನೇ ದಾರಿ ಮುಚ್ಚಿಕೊಂಡು ಬಲಗೊಂಡಿತ್ತು. ನನಗೆ ಕೇಳಿದರೆ ಎರಡನೆಯದೇ ಹೆಚ್ಚು ಬೆರಗಿನದು.

ಎರಡರಲ್ಲೂ ಒಂದು ಕೊರತೆಯಿತ್ತು. ಈ ಪುಟ್ಟ ಲೇಸರುಗಳಿಗೆ ಶಕ್ತಿ ತುಂಬಲು ಮೇಜಿನ ಮೇಲೆ ಇನ್ನೊಂದು ದೊಡ್ಡ ಲೇಸರ್ ಬೇಕಿತ್ತು.

ಬ್ಯಾಟರಿ ಜೋಡಿಸಿದರೆ ಬೆಳಗುವುದಿಲ್ಲವೇಕೆ?

ಎಲ್‌ಇಡಿಯಲ್ಲಿ ಎರಡು ಬಗೆಯ ಅರೆವಾಹಕ ಒಂದಕ್ಕೊಂದು ಅಂಟಿರುತ್ತವೆ: ಎಲೆಕ್ಟ್ರಾನ್ ಹೆಚ್ಚಿರುವ ಎನ್ ಬಗೆ, ರಂಧ್ರ ಹೆಚ್ಚಿರುವ ಪಿ ಬಗೆ. ಬ್ಯಾಟರಿ ಜೋಡಿಸಿದಾಗ ಎರಡೂ ಗಡಿಯಲ್ಲಿ ಸೇರಿ ಬೆಳಕಾಗುತ್ತವೆ. ಜಿಂಕ್ ಆಕ್ಸೈಡ್ ಹುಟ್ಟಾ ಎನ್ ಬಗೆಯದು. ಎಲ್ಲೆಡೆ ಇರುವ ಹೈಡ್ರೋಜನ್ ಕೂಡ ಹರಳಿನೊಳಗೆ ನುಸುಳಿ ಎಲೆಕ್ಟ್ರಾನ್ ದಾನ ಮಾಡುತ್ತದೆ. ಪಿ ಬಗೆಯಾಗಿಸಲು ನೈಟ್ರೋಜನ್ ಬೆರೆಸಿದರೆ ಅದು ರಂಧ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಓಡಾಡಲು ಬಿಡುವುದಿಲ್ಲ. ಬಿಟ್ಟಷ್ಟನ್ನೂ ಮೊದಲಿದ್ದ ಎಲೆಕ್ಟ್ರಾನುಗಳು ತುಂಬಿಬಿಡುತ್ತವೆ.

ಗ್ಯಾಲಿಯಂ ನೈಟ್ರೈಡಿಗೂ ಇದೇ ರೋಗವಿತ್ತು. ಅಲ್ಲಿ ಮೆಗ್ನೀಸಿಯಂ ಬೆರೆಸಿ ಸರಿಯಾಗಿ ಸಂಸ್ಕರಿಸುವ ಮದ್ದು ಸಿಕ್ಕಿತು, ನೀಲಿ ಎಲ್‌ಇಡಿ ಬಂತು, 2014ರಲ್ಲಿ ಅಕಸಾಕಿ, ಅಮಾನೊ, ನಕಮುರಾ ಅವರಿಗೆ ನೊಬೆಲ್ ಬಂತು. ಜಿಂಕ್ ಆಕ್ಸೈಡಿನಲ್ಲಿ 2005ರ ಹೊತ್ತಿಗೆ ಜಪಾನಿನ ಕವಾಸಾಕಿ ತಂಡ ನೈಟ್ರೋಜನ್ ಬೆರೆಸಿ ನೇರಳೆ ಎಲ್‌ಇಡಿ ಬೆಳಗಿಸಿ ತೋರಿಸಿತು. ಅದು ಅಂಗಡಿಗೆ ಬರುವ ದೀಪವಾಗಲಿಲ್ಲ. ಹೆಚ್ಚಿನ ಪ್ರಯೋಗಾಲಯಗಳು ಪಿ ಬಗೆಯ ಗ್ಯಾಲಿಯಂ ನೈಟ್ರೈಡಿನ ಮೇಲೆ ಜಿಂಕ್ ಆಕ್ಸೈಡ್ ಕಡ್ಡಿ ಬೆಳೆಸುವ ಅಡ್ಡದಾರಿ ಹಿಡಿದವು. ಆಗ ಬರುವ ಬೆಳಕು ಯಾರದ್ದು, ಕಡ್ಡಿಯದ್ದೋ ನೈಟ್ರೈಡಿನದ್ದೋ ಎಂಬ ಹೊಸ ಗೊಂದಲ ಶುರುವಾಗುತ್ತದೆ.

ಈಗ ಇದೇ ವಸ್ತುವಿಗೆ ಬೇರೊಂದು ಉದ್ಯೋಗ ಸಿಕ್ಕಿದೆ. ಕ್ವಾಂಟಮ್ ಚುಕ್ಕಿಗಳನ್ನು ನೇರವಾಗಿ ವಿದ್ಯುತ್ತಿನಿಂದ ಬೆಳಗಿಸುವ ಪರದೆಗಳ ಮೇಲೆ ಸಂಶೋಧನೆ ನಡೆಯುತ್ತಿದೆ (ಕ್ಯೂಎಲ್‌ಇಡಿ ಎಂದು ಮಾರಾಟವಾಗುವ ಟಿವಿಗಳಲ್ಲಿ ಬಹುಪಾಲು ಹಿಂಬೆಳಕಿನವು, ಇವಲ್ಲ). ಅವುಗಳಲ್ಲಿ ಚುಕ್ಕಿಗಳಿಗೆ ಎಲೆಕ್ಟ್ರಾನ್ ಒದಗಿಸುವ ಪದರವನ್ನು ಜಿಂಕ್ ಆಕ್ಸೈಡಿನ ನ್ಯಾನೊ ಕಣಗಳಿಂದ ಮಾಡುತ್ತಾರೆ. ಹುಟ್ಟಾ ಎನ್ ಬಗೆಯಾಗಿರುವುದು ಅಲ್ಲಿ ಅರ್ಹತೆ. ಕಣಗಳ ಮೇಲ್ಮೈಯ ದೋಷಗಳು ಮಾತ್ರ ಪಕ್ಕದ ಚುಕ್ಕಿಗಳ ಬೆಳಕನ್ನು ಕದಿಯುತ್ತವೆ. ಹಾಗಾಗಿ ಅದಕ್ಕೆ ಒಂದಿಷ್ಟು ಮೆಗ್ನೀಸಿಯಂ ಬೆರೆಸಿ, ಅಟ್ಟವನ್ನು ತುಸು ಎತ್ತರಿಸಿ ಬಳಸುವುದು ಈಗಿನ ರೂಢಿ.